ನಿಧಾನವೇ ಬೇಕಾಗಿದ್ದ ಹೊತ್ತು: ಕಿರಿದಾದ ಹೃದಯ ಕವಾಟ, ಸಿಸೇರಿಯನ್ ಮತ್ತು ಎಪಿಡ್ಯೂರಲ್ ಮದ್ದಿನ ಲೆಕ್ಕ

ವಿಜಯಪುರದ ಯಾವ ಥಿಯೇಟರಿನಲ್ಲಾದರೂ ಸಿಸೇರಿಯನ್ ಎಂದ ಕೂಡಲೇ ಅರಿವಳಿಕೆಯವರ ಕೈ ತಾನಾಗಿ ಸ್ಪೈನಲ್ ಸೂಜಿಯ, ಅಂದರೆ ಮಿದುಳುಬಳ್ಳಿಯ ಸುತ್ತಲಿನ ದ್ರವಕ್ಕೇ ಮದ್ದು ಕೊಡುವ ಸೂಜಿಯ, ಕಡೆಗೆ ಹೋಗುತ್ತದೆ. ಸಣ್ಣ ಸೂಜಿ, ಎರಡು ಮಿ.ಲೀ. ಹೆವಿ ಬುಪಿವಕೇನ್, ಐದಾರು ನಿಮಿಷದಲ್ಲಿ ಎದೆಯಿಂದ ಕೆಳಗೆಲ್ಲ ಮರಗಟ್ಟಿರುತ್ತದೆ. ಖರ್ಚು ಕಡಿಮೆ, ಫಲ ಖಚಿತ, ಕೆಲಸ ಬೇಗ. ಇಲ್ಲಿ ಬರೆಯಹೊರಟಿರುವುದು ಆ ‘ಬೇಗ’ ಎನ್ನುವುದೇ ಪ್ರಾಣಕ್ಕೆ ಮುಳುವಾಗಬಹುದಾಗಿದ್ದ ಒಬ್ಬ ಹೆಣ್ಣುಮಗಳ ವಿಷಯ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮದ್ದಿನ ಲೆಕ್ಕವನ್ನು ಬದಲಿಸಿಲ್ಲ.

ಡೋಣಿ ಹೊಳೆಯ ದಂಡೆಯ ಒಂದು ಹಳ್ಳಿಯ ಸೊಸೆ. ವಯಸ್ಸು 27, ತೂಕ 52 ಕಿಲೊ, ಎತ್ತರ 150 ಸೆಂ.ಮೀ. ಎರಡನೆಯ ಬಸಿರು, 37 ವಾರ ತುಂಬಿತ್ತು. ಮೊದಲ ಹೆರಿಗೆ ತವರಿನಲ್ಲಿ ಸಹಜವಾಗಿಯೇ ಆಗಿತ್ತು. ಆಗಲೂ ಏದುಸಿರು ಬರುತ್ತಿತ್ತಂತೆ. ರಕ್ತ ಕಡಿಮೆ ಎಂದು ಯಾರೋ ಕಬ್ಬಿಣದ ಮಾತ್ರೆ ಕೊಟ್ಟು ಕಳುಹಿಸಿದ್ದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಒಂದು ನಿಮಿಷ ಕಿವಿಗೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಈ ಸಲ ಏಳನೆಯ ತಿಂಗಳಲ್ಲಿ ಒಬ್ಬ ಫಿಜಿಷಿಯನ್ ಆ ಗುಡುಗಿನಂಥ ಮರ್ಮರವನ್ನು ಕೇಳಿಸಿಕೊಂಡು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ್ದರು. ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಬಾಯಿ 1.1 ಚದರ ಸೆಂ.ಮೀ. ಆರೋಗ್ಯವಂತರಲ್ಲಿ ಅದು 4ರಿಂದ 6 ಇರುತ್ತದೆ. ಶ್ವಾಸಕೋಶದ ರಕ್ತನಾಳದ ಒತ್ತಡ 50 ಮಿ.ಮೀ.ಗೆ ಏರಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಕೀಲುಗಳು ಒಂದಾದ ಮೇಲೊಂದು ಬಾತು ಜ್ವರ ಬಂದದ್ದು ಅವಳ ತಾಯಿಗೆ ನೆನಪಿತ್ತು. ಎಣ್ಣೆ ತಿಕ್ಕಿದ್ದರಂತೆ, ಬಾವು ಇಳಿದಿತ್ತಂತೆ. ರುಮ್ಯಾಟಿಕ್ ಜ್ವರದ ರೀತಿಯೇ ಹಾಗೆ: ಕೀಲು ಬಿಟ್ಟು ಹೋಗುತ್ತದೆ, ಹೃದಯವನ್ನು ಬಿಡುವುದಿಲ್ಲ.

ಏದುಸಿರು ಎಷ್ಟು ಎಂದು ಅಳೆಯಲು ಪುಸ್ತಕದಲ್ಲಿ ನಾಲ್ಕು ದರ್ಜೆಗಳಿವೆ. ನಮ್ಮ ಕಡೆ ನಾನು ಬೇರೆ ರೀತಿ ಕೇಳುತ್ತೇನೆ.

“ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದೆಯಾ ತಂಗಿ?”

“ಹೋಗಿದ್ದೆ ಸಾಹೇಬರೇ. ಬುತ್ತಿ ಹೊತ್ತಿರಲಿಲ್ಲ, ಬರಿಗೈಯಲ್ಲಿ ಹೋದೆ. ಆದರೂ ದಾರಿಯಲ್ಲಿ ಮೂರು ಸಲ ಕೂತೆ.”

ಹಿಂದಿನ ವರ್ಷ ಅದೇ ದಾರಿಯಲ್ಲಿ ಸಜ್ಜೆ ರೊಟ್ಟಿಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ನಡೆದಿದ್ದವಳು. ಈಗ ರಾತ್ರಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಮೂರನೆಯ ದರ್ಜೆ ಎಂದು ಬರೆದುಕೊಂಡೆ.

ಮೈಟ್ರಲ್ ಕವಾಟ ಕಿರಿದಾಗಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಮಾಡುವುದಿಲ್ಲ. ನೋವು ತಗ್ಗಿಸಿ, ಸಹಜ ಹೆರಿಗೆಗೆ ಬಿಡುವುದೇ ಸಾಮಾನ್ಯವಾಗಿ ಮೇಲು. ಇವಳ ಮಗು ಅಡ್ಡ ಮಲಗಿತ್ತು, ಬೆಳವಣಿಗೆಯೂ ಕುಂಠಿತವಾಗಿತ್ತು. ಹಾಗಾಗಿ ಪ್ರಸೂತಿ ತಜ್ಞೆಗೆ ಬೇರೆ ದಾರಿಯಿರಲಿಲ್ಲ.

ಚೀಲದಲ್ಲಿದ್ದ ಚೀಟಿ

ಹಿಂದಿನ ದಿನ ಸಂಜೆ ಗಂಡ ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಮೇಜಿನ ಮೇಲೆ ಸುರಿದ. ಬಟ್ಟೆ ಅಂಗಡಿಯ ಚೀಲ, ಒಳಗೆ ಮೂರು ಊರುಗಳ ಚೀಟಿಗಳು, ರಕ್ತ ಪರೀಕ್ಷೆಯ ವರದಿಗಳು, ಖಾಲಿ ಮಾತ್ರೆ ಹಾಳೆಗಳು. ಬಡಿತ ತಗ್ಗಿಸುವ ಮೆಟೊಪ್ರೊಲಾಲ್, ಮೈಯ ನೀರು ಇಳಿಸುವ ಫ್ಯುರೊಸಮೈಡ್, 21 ದಿನಕ್ಕೊಮ್ಮೆ ಪೆನಿಸಿಲಿನ್. ಎಲ್ಲವೂ ನಿರೀಕ್ಷಿಸಿದ್ದೇ. ಕೊನೆಗೆ ಮಡಚಿ ಇಟ್ಟಿದ್ದ ಒಂದು ಔಷಧಿ ಅಂಗಡಿಯ ಬಿಲ್ಲು ಬಿಡಿಸಿದರೆ ಎನಾಕ್ಸಪರಿನ್ 40 ಮಿ.ಗ್ರಾಂ. ನಮ್ಮ ಕೇಸ್ ಶೀಟಿನಲ್ಲಿ ಅದರ ಸುಳಿವೇ ಇರಲಿಲ್ಲ.

“ಇದನ್ನು ಹಾಕುತ್ತಿದ್ದೀರಾ?”

“ಹೊಟ್ಟೆಗೆ ಚುಚ್ಚುವ ಸೂಜಿಯಲ್ಲವೇ? ದಿನಾ ರಾತ್ರಿ ಎಂಟಕ್ಕೆ ಹಾಕಿಸುತ್ತೇವೆ. ಅದು ಮಾತ್ರೆಯಲ್ಲವಲ್ಲ, ಅದಕ್ಕೇ ಹೇಳಲಿಲ್ಲ.”

ಅವನ ತರ್ಕದಲ್ಲಿ ತಪ್ಪಿಲ್ಲ. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದೇ ನಾವು ಕೇಳಿದ್ದೆವು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಈ ಮದ್ದಿನ ಸಣ್ಣ ಪ್ರಮಾಣ ಮೈಯಲ್ಲಿದ್ದರೆ ಬೆನ್ನಿಗೆ ಸೂಜಿ ಹಾಕಲು ಕನಿಷ್ಠ 12 ಗಂಟೆ ಕಾಯಬೇಕು. ದೊಡ್ಡ ಪ್ರಮಾಣವಾದರೆ 24 ಗಂಟೆ. ಇಲ್ಲದಿದ್ದರೆ ಎಪಿಡ್ಯೂರಲ್ ಜಾಗದಲ್ಲಿ, ಅಂದರೆ ಮಿದುಳುಬಳ್ಳಿಯ ಹೊರಪೊರೆಯ ಸುತ್ತಲಿನ ಸಂದಿಯಲ್ಲಿ, ರಕ್ತ ಸೋರಿ, ಗಟ್ಟಿಯಾಗಿ, ಮಿದುಳುಬಳ್ಳಿಯನ್ನು ಒತ್ತಿ ಕಾಲು ಶಾಶ್ವತವಾಗಿ ಹೋಗಬಹುದು. ಬೆಳಗಿನ ಏಳೂವರೆಗೆ ಬರೆದಿದ್ದ ಶಸ್ತ್ರಚಿಕಿತ್ಸೆಯನ್ನು ಹೊಡೆದು ಒಂಬತ್ತರ ನಂತರಕ್ಕೆ ಹಾಕಿದೆ. ಮೆಟೊಪ್ರೊಲಾಲ್ ಮಾತ್ರೆಯನ್ನು ಬೆಳಗ್ಗೆ ಒಂದು ಗುಟುಕು ನೀರಿನಲ್ಲಿ ಕೊಡಲೇಬೇಕೆಂದು ನರ್ಸ್‌ಗೆ ಎರಡು ಸಲ ಹೇಳಿದೆ. ‘ಉಪವಾಸ’ ಎಂದು ಬರೆದರೆ ಮಾತ್ರೆಗಳೂ ಉಪವಾಸ ಬೀಳುತ್ತವೆ, ಇದು ಎಲ್ಲ ವಾರ್ಡುಗಳ ಹಳೆಯ ರೋಗ.

ಅತ್ತೆಗೆ ಬೇರೆಯದೇ ಚಿಂತೆ. “ಬೆನ್ನಿಗೆ ಸೂಜಿ ಚುಚ್ಚಿದರೆ ಮುಂದೆ ಬಗ್ಗಿ ಕಳೆ ಕೀಳಲು ಆಗುವುದಿಲ್ಲವಂತೆ ಸಾಹೇಬರೇ.” ಹೆತ್ತ ಮೇಲೆ ಸೊಂಟ ನೋವು ಸೂಜಿ ಹಾಕಿಸಿಕೊಂಡವರಿಗೂ ಬರುತ್ತದೆ, ಹಾಕಿಸಿಕೊಳ್ಳದವರಿಗೂ ಬರುತ್ತದೆ, ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೇ ಎಂದೆ. ನಂಬಿದರೋ ಇಲ್ಲವೋ, ಹೆಬ್ಬೆಟ್ಟು ಒತ್ತಿದರು. ಸೊಸೆ ತಾನೇ ಸಹಿ ಮಾಡಿದಳು.

ಯಾವ ಮದ್ದು, ಯಾಕೆ

ಕಾಲುವೆಯ ತೂಬಿಗೆ ಕಸ ಸಿಕ್ಕಿಕೊಂಡಿದೆ ಎಂದುಕೊಳ್ಳಿ. ನೀರು ಹರಿಯುತ್ತದೆ, ಆದರೆ ಹೊತ್ತು ಬೇಕು. ಮೈಟ್ರಲ್ ಕವಾಟ ಕಿರಿದಾದಾಗ ಆಗುವುದು ಅದೇ. ರಕ್ತ ಆ ಸಂದಿಯಲ್ಲಿ ಇಳಿಯುವುದು ಹೃದಯ ಸಡಿಲಗೊಂಡಾಗ ಮಾತ್ರ. ಬಡಿತ ಹೆಚ್ಚಿದಂತೆ ಆ ಸಡಿಲಿನ ಹೊತ್ತೇ ಮೊದಲು ಕಡಿಮೆಯಾಗುತ್ತದೆ. ಆಗ ರಕ್ತ ಹಿಂದೆ ನಿಂತು ಶ್ವಾಸಕೋಶ ಒದ್ದೆಯಾಗುತ್ತದೆ. ಇನ್ನೊಂದು ಕಡೆ, ರಕ್ತನಾಳಗಳು ಒಮ್ಮೆಲೇ ಸಡಿಲಗೊಂಡು ಒತ್ತಡ ಕುಸಿದರೆ, ಈ ಹೃದಯಕ್ಕೆ ಹೆಚ್ಚು ರಕ್ತ ತಳ್ಳಿ ಸರಿದೂಗಿಸುವ ಶಕ್ತಿಯಿಲ್ಲ. ಒತ್ತಡ ಬಿತ್ತೆಂದು ಸಲೈನ್ ಸುರಿದರೆ ಮತ್ತೆ ಶ್ವಾಸಕೋಶಕ್ಕೇ ಬರುತ್ತದೆ.

ಒಂದೇ ಸಲ ಕೊಡುವ ಸ್ಪೈನಲ್ ಇಲ್ಲಿ ಹಾಗಾಗಿ ಹೊರಗೆ. ಪೂರ್ಣ ಅರಿವಳಿಕೆ ಕೊಟ್ಟು ಗಂಟಲಿಗೆ ಕೊಳವೆ ಹಾಕುವಾಗ ಬಡಿತ ಜಿಗಿಯುತ್ತದೆ. ಅದನ್ನು ತುರ್ತಿಗೆಂದು ಸಿದ್ಧವಿಟ್ಟು ಬದಿಗೆ ಸರಿಸಿದೆ. ಉಳಿದದ್ದು ಆ ಎಪಿಡ್ಯೂರಲ್ ಜಾಗದಲ್ಲಿ ಸಣ್ಣ ಕೊಳವೆ (ಕ್ಯಾಥೆಟರ್) ಬಿಟ್ಟು ಹಂತಹಂತವಾಗಿ ಮದ್ದು ಕೊಡುವ ಎಪಿಡ್ಯೂರಲ್. ಎಪಿಡ್ಯೂರಲ್ ಒಳಗೆ ಯಾವ ಮದ್ದು ಎನ್ನುವುದೇ ನಿಜವಾದ ಪ್ರಶ್ನೆ.

ಹೆರಿಗೆ ನೋವಿಗೆ ಹಾಕಿದ್ದ ಕ್ಯಾಥೆಟರನ್ನೇ ತುರ್ತು ಸಿಸೇರಿಯನ್ನಿಗೆ ಬಳಸುವಾಗ ನಮ್ಮ ಮಾಮೂಲಿ ಮಿಶ್ರಣ ಹೀಗಿರುತ್ತದೆ: ಮರಗಟ್ಟಿಸುವ ಮದ್ದಾದ 2% ಲಿಗ್ನೊಕೇನ್ 15ರಿಂದ 20 ಮಿ.ಲೀ., ಎರಡು ಲಕ್ಷಕ್ಕೆ ಒಂದರ ಅಡ್ರಿನಾಲಿನ್, ಹತ್ತು ಮಿ.ಲೀ.ಗೆ ಒಂದರಂತೆ 8.4% ಸೋಡಾ ಬೈಕಾರ್ಬನೇಟ್, ಜೊತೆಗೆ ಫೆಂಟನಿಲ್. ಒಂದೊಂದಕ್ಕೂ ಒಂದೊಂದು ಕೆಲಸ. ಸೋಡಾ ಮದ್ದಿನ ಆಮ್ಲತೆಯನ್ನು ತಗ್ಗಿಸುತ್ತದೆ. ವಿದ್ಯುದಂಶವಿಲ್ಲದ ಕಣಗಳು ಹೆಚ್ಚಿ ನರದ ಪೊರೆಯೊಳಗೆ ಬೇಗ ನುಗ್ಗುತ್ತವೆ. ಅಡ್ರಿನಾಲಿನ್ ಸುತ್ತಲಿನ ರಕ್ತನಾಳಗಳನ್ನು ಬಿಗಿದು ಮದ್ದನ್ನು ಅಲ್ಲೇ ಹಿಡಿದಿಡುತ್ತದೆ. ಫೆಂಟನಿಲ್, ಹೊಟ್ಟೆಯೊಳಗೆ ಎಳೆದಾಡುವಾಗಿನ ಆ ಹೇಳಲಾಗದ ಸಂಕಟವನ್ನು ತಗ್ಗಿಸುತ್ತದೆ. ಮಗುವಿನ ಎದೆಬಡಿತ ಇಳಿಯುತ್ತಿರುವಾಗ ಇದಕ್ಕಿಂತ ಒಳ್ಳೆಯ ಮಿಶ್ರಣ ನನಗೆ ಗೊತ್ತಿಲ್ಲ.

ಇವಳಿಗೆ ಅದೇ ಮಿಶ್ರಣದ ಒಂದೊಂದು ಗುಣವೂ ದೋಷ. ಅಡ್ರಿನಾಲಿನ್ ರಕ್ತಕ್ಕೆ ಸೇರಿದರೆ ಬಡಿತ ಏರುತ್ತದೆ. ಸೋಡಾ ಕೊಡುವ ವೇಗವೇ ನಮಗೆ ಬೇಡ. ಅಡ್ರಿನಾಲಿನ್ ಬಿಟ್ಟರೋ, ಲಿಗ್ನೊಕೇನಿನ ಮಿತಿ ಕಿಲೊಗೆ 4.5 ಮಿ.ಗ್ರಾಂಗೆ ಇಳಿಯುತ್ತದೆ. 52 ಕಿಲೊಗೆ 234 ಮಿ.ಗ್ರಾಂ, ಅಂದರೆ ಹನ್ನೊಂದೂವರೆ ಮಿ.ಲೀ. ಎದೆಯ ಮಟ್ಟಕ್ಕೆ ಏರಲು ಅದು ಸಾಲುವ ಭರವಸೆಯಿಲ್ಲ. ಸಾಕಾದರೂ ಬೇಗ ಇಳಿದುಬಿಡುತ್ತದೆ.

ಬುಪಿವಕೇನ್ 0.5% ಬಳಸಬಹುದಿತ್ತು, ಬಳಸಿದವರೂ ಬಹಳ ಮಂದಿ. ಆದರೆ ಈ ಮದ್ದು ತಪ್ಪಿ ರಕ್ತನಾಳಕ್ಕೆ ಹೋದರೆ ಹೃದಯವನ್ನು ಹಿಡಿದು ಬೇಗ ಬಿಡುವುದಿಲ್ಲ. 1979ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯ ಜಾರ್ಜ್ ಆಲ್‌ಬ್ರೈಟ್ ಇಂಥ ಹೃದಯಸ್ತಂಭನಗಳ ಬಗ್ಗೆ ಸಂಪಾದಕೀಯ ಬರೆದು ಎಚ್ಚರಿಸಿದರು. 1984ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ 0.75% ಬುಪಿವಕೇನ್ ಪ್ರಸೂತಿಗೆ ಸಲ್ಲದು ಎಂದಿತು. ಗರ್ಭಿಣಿಯ ಎಪಿಡ್ಯೂರಲ್ ಜಾಗದಲ್ಲಿ ರಕ್ತನಾಳಗಳು ಉಬ್ಬಿ ನಿಂತಿರುತ್ತವೆ, ಕ್ಯಾಥೆಟರ್ ಅವುಗಳೊಳಗೆ ಜಾರುವುದು ಅಪರೂಪವೇನಲ್ಲ. ರೋಪಿವಕೇನ್ ಇದೇ ಮನೆತನದ ಮದ್ದಾದರೂ, ಕನ್ನಡಿ ಬಿಂಬದಂಥ ಎರಡು ರೂಪಗಳಲ್ಲಿ ಹೃದಯಕ್ಕೆ ಸೌಮ್ಯವಾದ ಒಂದನ್ನೇ ಇಟ್ಟುಕೊಂಡು ತಯಾರಿಸಿದ್ದು. ಇದರ 0.75% ದ್ರಾವಣ ಸಿಸೇರಿಯನ್ನಿಗೆ ಒಪ್ಪಿತವಾದದ್ದೇ. ಅಂಕಿ ಒಂದೇ, ಮದ್ದು ಬೇರೆ. ಕಿರಿಯರು ಇಲ್ಲಿ ಎಡವುವುದನ್ನು ಕಂಡಿದ್ದೇನೆ. ಪೂರ್ತಿ ಹಿಡಿಯಲು ಹದಿನೈದಿಪ್ಪತ್ತು ನಿಮಿಷ ಬೇಕು. ಬೇರೆ ದಿನ ಅದೇ ಇದರ ಮೇಲಿನ ದೂರು. ಅಂದು ಅದಕ್ಕಾಗಿಯೇ ಅದನ್ನು ಆರಿಸಿದೆ.

ಬೆಳಗ್ಗೆ ಒಂಬತ್ತರಿಂದ

9.10ಕ್ಕೆ ಕೂರಿಸಿಯೇ ಸೂಜಿ ಹಾಕಿದೆ, ಮಲಗಿದರೆ ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಮೂರು ಮತ್ತು ನಾಲ್ಕನೆಯ ಸೊಂಟದ ಮೂಳೆಗಳ ನಡುವೆ ನಾಲ್ಕೂವರೆ ಸೆಂ.ಮೀ. ಆಳದಲ್ಲಿ ಜಾಗ ಸಿಕ್ಕಿತು. ಕ್ಯಾಥೆಟರನ್ನು ಒಳಗೆ 4 ಸೆಂ.ಮೀ. ಬಿಟ್ಟೆ. ಮಣಿಕಟ್ಟಿನ ಧಮನಿಯಲ್ಲಿ ಒತ್ತಡ ತೋರಿಸುವ ಕೊಳವೆ ಮೊದಲೇ ಹಾಕಿದ್ದೆವು. ಫಿನೈಲೆಫ್ರಿನ್ ಪಂಪಿನಲ್ಲಿ ಸಿದ್ಧವಿತ್ತು. ರಕ್ತನಾಳಗಳನ್ನು ಬಿಗಿದು ಬಡಿತವನ್ನು ಇಳಿಸುವ ಮದ್ದು ಇದು, ಈ ಕವಾಟಕ್ಕೆ ಹೇಳಿಮಾಡಿಸಿದಂಥದ್ದು. ತಲೆಯ ಕಡೆ ಎತ್ತರಿಸಿ, ಗರ್ಭಕೋಶ ದೊಡ್ಡ ರಕ್ತನಾಳದ ಮೇಲೆ ಬೀಳದಂತೆ ಎಡಕ್ಕೆ ವಾಲಿಸಿ ಮಲಗಿಸಿದೆವು.

ಕ್ಯಾಥೆಟರ್ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯಲು ಮೊದಲು ಕೊಡುವ ಪರೀಕ್ಷಾ ಪ್ರಮಾಣದಲ್ಲೇ ಮೊದಲ ಇಕ್ಕಟ್ಟು. ಸಾಮಾನ್ಯವಾಗಿ ಅದರಲ್ಲಿ 15 ಮೈಕ್ರೊಗ್ರಾಂ ಅಡ್ರಿನಾಲಿನ್ ಇರುತ್ತದೆ. ಕ್ಯಾಥೆಟರ್ ರಕ್ತನಾಳದಲ್ಲಿದ್ದರೆ ಒಂದು ನಿಮಿಷದೊಳಗೆ ಬಡಿತ ಇಪ್ಪತ್ತು ಏರಿ ಗುಟ್ಟು ಬಿಟ್ಟುಕೊಡುತ್ತದೆ. ಇವಳಲ್ಲಿ ಆ ಇಪ್ಪತ್ತು ಬಡಿತವನ್ನು ಕಾಣುವುದೇ ನನಗೆ ಬೇಡವಾಗಿತ್ತು. ಸಾದಾ 2% ಲಿಗ್ನೊಕೇನ್ 2 ಮಿ.ಲೀ. ಮಾತ್ರ ಕೊಟ್ಟು ಐದು ನಿಮಿಷ ಕಾಲಿನ ಬಲ ನೋಡಿದೆ. ಕಾವಲುಗಾರನನ್ನು ಮನೆಗೆ ಕಳುಹಿಸಿದ ಮೇಲೆ ನಾವೇ ಎಚ್ಚರವಾಗಿರಬೇಕಲ್ಲ: ಪ್ರತಿ ಸಲವೂ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡುವುದು, 3 ಮಿ.ಲೀ.ಗಿಂತ ಹೆಚ್ಚು ಒಮ್ಮೆಗೆ ಕೊಡದಿರುವುದು, ಬಾಯಿಯಲ್ಲಿ ಕಬ್ಬಿಣದ ರುಚಿ, ಕಿವಿಯಲ್ಲಿ ಗುಂಯ್‌ಗುಡುವುದು ಉಂಟೇ ಎಂದು ಕೇಳುತ್ತಿರುವುದು. ವಿಷವೇರಿದರೆ ಬೇಕಾಗುವ 20% ಲಿಪಿಡ್ ದ್ರಾವಣದ ಬಾಟಲಿ ತಲೆಯ ಬಳಿಯೇ ಇತ್ತು. ಇವಳ ತೂಕಕ್ಕೆ ಮೊದಲ ಪ್ರಮಾಣ 78 ಮಿ.ಲೀ. ಎಂದು ಪಟ್ಟಿಯ ಮೇಲೆ ಬರೆದು ಅಂಟಿಸಿದ್ದೆ.

50 ಮೈಕ್ರೊಗ್ರಾಂ ಫೆಂಟನಿಲ್ ಕೊಟ್ಟು, ಐದೈದು ನಿಮಿಷಕ್ಕೆ 3 ಮಿ.ಲೀ.ಯಂತೆ ನಾಲ್ಕು ಸಲ ರೋಪಿವಕೇನ್ ಕೊಟ್ಟೆ. ಒತ್ತಡ 114ರಿಂದ 102ಕ್ಕೆ ಮೆಟ್ಟಿಲಿಳಿದಂತೆ ಇಳಿಯಿತು. ಫಿನೈಲೆಫ್ರಿನ್ ನಿಮಿಷಕ್ಕೆ 20 ಮೈಕ್ರೊಗ್ರಾಂ ಸಾಕಾಯಿತು. ಬಡಿತ 88ರಿಂದ 80.

9.55ಕ್ಕೆ ಹತ್ತಿಯಲ್ಲಿ ಸುತ್ತಿದ ಮಂಜುಗಡ್ಡೆಯಿಂದ ಪರೀಕ್ಷಿಸಿದೆ. ಬಲಗಡೆ ಮೊಲೆತೊಟ್ಟಿನ ಮಟ್ಟದವರೆಗೆ ತಣ್ಣಗೆ ಗೊತ್ತಾಗುತ್ತಿರಲಿಲ್ಲ. ಎಡಗಡೆ ಹೊಕ್ಕುಳಿಗೆ ಬಂದ ಕೂಡಲೇ, “ಇಲ್ಲಿ ತಣ್ಣಗಿದೆ ಸಾಹೇಬರೇ” ಎಂದಳು. ಎಪಿಡ್ಯೂರಲ್ ಮದ್ದು ಹರಡುವುದು ಕರಿಮಣ್ಣಿನ ಬಿರುಕುಗಳಲ್ಲಿ ನೀರು ಇಳಿದ ಹಾಗೆ, ಒಂದು ಕಡೆ ತುಂಬಿ ಇನ್ನೊಂದು ಕಡೆ ಒಣಗಿರುತ್ತದೆ.

ಸರ್ಜನ್ ಕೈತೊಳೆದು ನಿಂತಿದ್ದರು. ಏನೂ ಮಾತಾಡಲಿಲ್ಲ, ಗಡಿಯಾರ ನೋಡಿದರು. ಆ ನೋಟದ ಅರ್ಥ ನನಗೆ ಇಪ್ಪತ್ತು ವರ್ಷದಿಂದ ಗೊತ್ತು.

ಕ್ಯಾಥೆಟರನ್ನು ಒಂದು ಸೆಂ.ಮೀ. ಹಿಂದಕ್ಕೆಳೆದು ಅವಳನ್ನು ಪೂರ್ತಿ ಎಡಕ್ಕೆ ಹೊರಳಿಸಿದೆ. (ಎನಾಕ್ಸಪರಿನ್ ಹಾಕಿ ಹದಿಮೂರು ಗಂಟೆ ಕಳೆದಿತ್ತು. ಹಿಂದಿನ ಸಂಜೆ ಆ ಬಿಲ್ಲು ಸಿಗದಿದ್ದರೆ ಇದೆಲ್ಲ ಹನ್ನೆರಡರೊಳಗೇ ನಡೆದುಹೋಗುತ್ತಿತ್ತು.) ಮುಂದೆ ಎಷ್ಟು ಮದ್ದು ಕೊಡಬಹುದು? ಎರಡು ಮದ್ದುಗಳ ವಿಷ ಒಂದಕ್ಕೊಂದು ಕೂಡುತ್ತದೆ, ಬೇರೆಬೇರೆ ಖಾತೆಯೆಂದು ತಿಳಿಯಬಾರದು. ರೋಪಿವಕೇನ್ 90 ಮಿ.ಗ್ರಾಂ ಹೋಗಿತ್ತು, ಕಿಲೊಗೆ 3ರಂತೆ ಮಿತಿ 156, ಅಂದರೆ ನೂರರಲ್ಲಿ 58 ಪಾಲು ಮುಗಿದಿತ್ತು. ಪರೀಕ್ಷೆಗೆ ಕೊಟ್ಟ 40 ಮಿ.ಗ್ರಾಂ ಲಿಗ್ನೊಕೇನ್ 234ರಲ್ಲಿ 17 ಪಾಲು. ಒಟ್ಟು ನೂರರಲ್ಲಿ 75. ಉಳಿದ 25 ಪಾಲಿಗೆ ಲಿಗ್ನೊಕೇನ್ ಹೆಚ್ಚೆಂದರೆ 58 ಮಿ.ಗ್ರಾಂ. 50 ಎಂದು ನಿರ್ಧರಿಸಿದೆ: ಎರಡೂವರೆ ಮಿ.ಲೀ.

ಜೊತೆಗಿದ್ದ ಕಿರಿಯ ವೈದ್ಯೆ ಸೋಡಾ ಬಾಟಲಿ ಎತ್ತಿಕೊಂಡು, “ಸ್ವಲ್ಪ ಸೇರಿಸಲೇ ಸರ್, ಬೇಗ ಹಿಡಿಯುತ್ತದೆ” ಎಂದಳು. ಬೇಡ ಎಂದೆ. ಕ್ಯಾಥೆಟರಿನಲ್ಲೂ ಫಿಲ್ಟರಿನಲ್ಲೂ ರೋಪಿವಕೇನ್ ತುಂಬಿತ್ತು. ಕಾರಣವನ್ನು ಆಮೇಲೆ ತೋರಿಸುತ್ತೇನೆ ಎಂದು ಸಾದಾ ಲಿಗ್ನೊಕೇನನ್ನೇ ಕೊಟ್ಟೆ.

ಹತ್ತು ನಿಮಿಷ ಥಿಯೇಟರಿನಲ್ಲಿ ಮಾನಿಟರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎಡಗಡೆಯೂ ಮೊಲೆತೊಟ್ಟಿನ ತುಸು ಕೆಳಗಿನವರೆಗೆ ಏರಿತು. 10.14ಕ್ಕೆ ಕತ್ತರಿ, 10.19ಕ್ಕೆ ಹೆಣ್ಣು ಮಗು, ಎರಡು ಕಿಲೊ ನೂರು ಗ್ರಾಂ. ಹೊರಬಂದ ಕೂಡಲೇ ಅತ್ತಿತು.

ಕುಗ್ಗಿದ ಗರ್ಭಕೋಶ

ಮಗು ಬಂತೆಂದು ಎಲ್ಲರೂ ಉಸಿರು ಬಿಡುತ್ತಾರೆ. ಮೈಟ್ರಲ್ ರೋಗಿಯ ವಿಷಯದಲ್ಲಿ ಅರಿವಳಿಕೆಯವರು ಉಸಿರು ಬಿಗಿಹಿಡಿಯುವುದು ಅಲ್ಲಿಂದಲೇ. ಗರ್ಭಕೋಶ ಕುಗ್ಗಿದಾಗ ಅದರಲ್ಲಿದ್ದ ಸುಮಾರು ಅರ್ಧ ಲೀಟರ್ ರಕ್ತ ಹಿಂಡಿದಂತೆ ಹೃದಯಕ್ಕೆ ಬರುತ್ತದೆ. ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಒಮ್ಮೆಗೇ ಕೊಟ್ಟರೆ ಒತ್ತಡ ಬಿದ್ದು ಬಡಿತ ಓಡುತ್ತದೆ. ಅದಕ್ಕೇ ಪಂಪಿನಲ್ಲಿ ಗಂಟೆಗೆ 10 ಯೂನಿಟ್‌ನಂತೆ ಮಾತ್ರ. ಅದೇ ಕೆಲಸದ, ಆದರೆ ರಕ್ತನಾಳಗಳನ್ನು ಬಿಗಿದು ಒತ್ತಡ ಏರಿಸುವ ಮೀಥೈಲ್ ಎರ್ಗೊಮೆಟ್ರಿನ್ ಆಂಪೂಲನ್ನು ಟ್ರೇಯಿಂದಲೇ ತೆಗೆಸಿದ್ದೆ, ಕೈಗೆ ಸಿಕ್ಕರೆ ಅಭ್ಯಾಸಬಲದಿಂದ ಯಾರಾದರೂ ಒಡೆದುಬಿಡುತ್ತಾರೆ. ಗರ್ಭಕೋಶವನ್ನು ಹೊರಗೆ ತೆಗೆಯದೆ ಒಳಗೇ ಹೊಲಿಯಲು ಸರ್ಜನ್ ಒಪ್ಪಿದರು. ಆದರೂ ಒಮ್ಮೆ ಅವಳು ಮುಖ ಕಿವುಚಿ, “ಒಳಗೆ ಯಾರೋ ಎಳೆಯುತ್ತಿದ್ದಾರೆ” ಎಂದಳು. ನೋವಲ್ಲ, ಎಳೆತ. ಮಗುವನ್ನು ತಂದು ಕೆನ್ನೆಗೆ ತಾಗಿಸಿದೆವು.

10.31ಕ್ಕೆ ಆಮ್ಲಜನಕ 98ರಿಂದ 92ಕ್ಕೆ ಇಳಿಯಿತು. ಎದೆಯ ಕೆಳಭಾಗದಲ್ಲಿ ಒಣ ಎಲೆ ಮುರಿದಂಥ ಸದ್ದು. ತಲೆಯನ್ನು ಇನ್ನಷ್ಟು ಎತ್ತರಿಸಿ, ಫ್ಯುರೊಸಮೈಡ್ 20 ಮಿ.ಗ್ರಾಂ ಕೊಟ್ಟು, ಮಾಸ್ಕಿನಲ್ಲಿ ಆಮ್ಲಜನಕ ಹೆಚ್ಚಿಸಿದೆ. ಆವರೆಗೆ ಒಟ್ಟು 300 ಮಿ.ಲೀ. ಸಲೈನ್ ಮಾತ್ರ ಹೋಗಿತ್ತು. ಲೀಟರುಗಟ್ಟಲೆ ಹೋಗಿದ್ದರೆ ನೊರೆ ಕಾಣುತ್ತಿತ್ತು. ಎಪಿಡ್ಯೂರಲ್ ಕೂಡ ಇಲ್ಲಿ ಒಂದು ಕೈ ಹಿಡಿಯಿತು: ಕಾಲುಗಳ ರಕ್ತನಾಳಗಳು ಸಡಿಲವಾಗಿದ್ದರಿಂದ ಬಂದ ರಕ್ತಕ್ಕೆ ನಿಲ್ಲಲು ಜಾಗವಿತ್ತು. ಇಪ್ಪತ್ತು ನಿಮಿಷದಲ್ಲಿ ಮತ್ತೆ 97.

ಆದರೆ ಆ ಜಾಗ ಸಾಲ ತಂದದ್ದು. ಮದ್ದು ಇಳಿದಂತೆ ರಕ್ತನಾಳಗಳು ಬಿಗಿದು ಅದೇ ರಕ್ತ ಎದೆಗೆ ಮರಳುತ್ತದೆ. ನೋವೂ ಅದೇ ಹೊತ್ತಿಗೆ ಬಂದು ಬಡಿತ ಏರಿಸಿದರೆ ಮುಗಿಯಿತು. ಮಧ್ಯಾಹ್ನ ಚೆನ್ನಾಗಿದ್ದವರು ಸಂಜೆ ಕೆಡುವುದು ಹೀಗೆ. ಅದಕ್ಕಾಗಿ 0.2% ರೋಪಿವಕೇನ್ ಜೊತೆ ಮಿ.ಲೀ.ಗೆ 2 ಮೈಕ್ರೊಗ್ರಾಂ ಫೆಂಟನಿಲ್ ಬೆರೆಸಿ ಗಂಟೆಗೆ 5 ಮಿ.ಲೀ.ಯಂತೆ ತೀವ್ರ ನಿಗಾ ಘಟಕದಲ್ಲಿ ಮುಂದುವರಿಸಿ, ಮರುದಿನ ಬೆಳಗಿನವರೆಗೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದೆವು. ಎಪಿಡ್ಯೂರಲ್ ಮಾರ್ಫಿನ್ ಒಂದು ಸಲ ಕೊಟ್ಟಿದ್ದರೆ ನೋವಿಗೆ ರಾತ್ರಿಯೆಲ್ಲ ಸಾಕಾಗುತ್ತಿತ್ತು. ಆದರೆ ಅದು ರಕ್ತನಾಳಗಳನ್ನು ಸಡಿಲಿಸುವುದಿಲ್ಲ, ಗಂಟೆಗಳ ನಂತರ ಉಸಿರನ್ನೂ ನಿಧಾನಿಸಬಹುದು. ನನಗೆ ಬೇಕಿದ್ದದ್ದು ನೋವು ಹೋಗುವುದಷ್ಟೇ ಅಲ್ಲ, ರಕ್ತ ಮೆಲ್ಲಗೆ ಮರಳುವುದು.

ಸಂಜೆ ಕಿರಿಯ ವೈದ್ಯೆಯನ್ನು ಕರೆದೆ. ಉಳಿದಿದ್ದ ಎರಡು ಮಿ.ಲೀ. ರೋಪಿವಕೇನನ್ನು ಹೊಸ ಸಿರಿಂಜಿಗೆ ಎಳೆದು, ಅದಕ್ಕೆ ಕೆಲವು ಹನಿ ಸೋಡಾ ಬೆರೆಸಿ ಕಿಟಕಿಯ ಬೆಳಕಿಗೆ ಹಿಡಿದೆ. ತಿಳಿನೀರಿನಂತಿದ್ದದ್ದು ನೋಡನೋಡುತ್ತಿದ್ದಂತೆ ಸುಣ್ಣ ಕದಡಿದಂತೆ ಬೆಳ್ಳಗಾಯಿತು. ಆಮ್ಲತೆ ಕಡಿಮೆಯಾದರೆ ಬುಪಿವಕೇನ್, ರೋಪಿವಕೇನ್ ಎರಡೂ ಕರಗಿ ಉಳಿಯುವುದಿಲ್ಲ, ಹರಳುಗಟ್ಟುತ್ತವೆ. ಲಿಗ್ನೊಕೇನ್ ಮಾತ್ರ ಹತ್ತಕ್ಕೆ ಒಂದರಷ್ಟು ಸೋಡಾ ತಡೆದುಕೊಳ್ಳುತ್ತದೆ. “ಇದು ಫಿಲ್ಟರಿನೊಳಗೆ ಆಗಿದ್ದರೆ?” ಎಂದಳು. ಕ್ಯಾಥೆಟರ್ ಕಟ್ಟಿಕೊಳ್ಳುತ್ತಿತ್ತು, ಎಡಗಡೆ ಹಾಗೇ ಉಳಿಯುತ್ತಿತ್ತು, ಗಂಟಲಿಗೆ ಕೊಳವೆ ಹಾಕಬೇಕಾಗುತ್ತಿತ್ತು. ಆ ಸಿರಿಂಜನ್ನು ಅವಳು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಮರುದಿನ ಮಧ್ಯಾಹ್ನ ಕ್ಯಾಥೆಟರ್ ತೆಗೆದೆವು. ಎನಾಕ್ಸಪರಿನನ್ನು ರಾತ್ರಿ ಎಂಟಕ್ಕೆ ಮತ್ತೆ ಶುರು ಮಾಡಿದೆವು. ತೆಗೆದ ಮೇಲೆ ನಾಲ್ಕು ಗಂಟೆಯಾದರೂ ಬಿಡಬೇಕು. ಎಂಟನೆಯ ದಿನ ಮನೆಗೆ. ಕವಾಟವನ್ನು ಬಲೂನಿನಿಂದ ಹಿಗ್ಗಿಸಲು ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೆ ಚೀಟಿ ಬರೆದುಕೊಟ್ಟೆವು. ಬಸಿರಿನ ಐದಾರನೆಯ ತಿಂಗಳಲ್ಲಿ ಗೊತ್ತಾಗಿದ್ದರೆ ಆಗಲೇ ಮಾಡಿಸಬಹುದಿತ್ತು. ಚೀಟಿಯ ಕೆಳಗೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದೆ: ಪೆನಿಸಿಲಿನ್ ಸೂಜಿ 21 ದಿನಕ್ಕೊಮ್ಮೆ, ಬಲೂನ್ ಆದ ಮೇಲೂ ಬಿಡಬಾರದು. ಹೊಟ್ಟೆಗೆ ಚುಚ್ಚುವ ಸೂಜಿಯೂ ಔಷಧಿಯೇ, ಎಲ್ಲಿ ಹೋದರೂ ಹೇಳಬೇಕು.

ಯುಗಾದಿ ಕಳೆದ ಮೇಲೆ ಬಲೂನ್ ಮಾಡಿಸಿಕೊಂಡು ತೋರಿಸಲು ಬಂದರು. ಕವಾಟದ ಬಾಯಿ ಈಗ 1.8. ಮಗು ಅತ್ತೆಯ ಸೊಂಟದ ಮೇಲಿತ್ತು. ಹೊಲಕ್ಕೆ ಹೋದೆಯಾ, ಎಷ್ಟು ಸಲ ಕೂತೆ ಎಂದು ಕೇಳಿದೆ.

“ಇನ್ನೂ ಹೋಗಿಲ್ಲ ಸಾಹೇಬರೇ, ಅತ್ತೆ ಬಿಡುತ್ತಿಲ್ಲ. ರಾತ್ರಿ ಮಾತ್ರ ಅಂಗಾತ ಮಲಗುತ್ತೇನೆ.”